ಕ್ಯಾನ್ಸರ್ ಸಂಶೋಧನೆಯಲ್ಲಿ ಅಂಗಾಂಶ ಬ್ಯಾಂಕಿನ ಪಾತ್ರ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮಧುವನಹಳ್ಳಿಯೂ ಸೇರಿದಂತೆ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಹೆಚ್ಚಿನ ಚಿಕಿತ್ಸೆಗಾಗಿ ಮೈಸೂರು ಅಥವಾ ಬೆಂಗಳೂರಿಗೆ ತೆರಳುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದ ಜೊತೆಗೆ, ಹೊರತೆಗೆದ ಗಡ್ಡೆಯ ಒಂದು ಭಾಗವನ್ನು ಸಂಶೋಧನೆಗೆ ಇರಿಸಿಕೊಳ್ಳಲು ಪ್ರತ್ಯೇಕ ಒಪ್ಪಿಗೆಯನ್ನು ಕೇಳುವುದುಂಟು. ಈ ಎರಡನೆಯ ಪತ್ರದ ಅರ್ಥವೇನು, ಅದರಿಂದ ಯಾರಿಗೆ ಪ್ರಯೋಜನ, ರೋಗಿಯ ಹಕ್ಕುಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಂಗಾಂಶ ಬ್ಯಾಂಕ್ ಎಂದರೇನು?

ರೋಗಿಗಳ ಗಡ್ಡೆಯ ತುಣುಕು, ಅದರ ಪಕ್ಕದ ಆರೋಗ್ಯವಂತ ಅಂಗಾಂಶ ಹಾಗೂ ರಕ್ತದ ಮಾದರಿಗಳನ್ನು ಕೆಡದಂತೆ ಕಾಪಾಡಿ, ಅನುಮೋದಿತ ಸಂಶೋಧನೆಗಳಿಗೆ ಒದಗಿಸುವ ವ್ಯವಸ್ಥೆಯೇ ಅಂಗಾಂಶ ಬ್ಯಾಂಕ್. ಇದನ್ನು ಬೇರೆ ಎರಡು ವ್ಯವಸ್ಥೆಗಳೊಂದಿಗೆ ಬೆರೆಸಬಾರದು.

1. ಅಂಗಾಂಗ ದಾನ: ಕಣ್ಣು, ಮೂತ್ರಪಿಂಡ ಮುಂತಾದವನ್ನು ಮತ್ತೊಬ್ಬರಿಗೆ ಕಸಿ ಮಾಡುವುದು ಮಾನವ ಅಂಗಾಂಗ ಮತ್ತು ಅಂಗಾಂಶ ಕಸಿ ಅಧಿನಿಯಮ, 1994ಕ್ಕೆ ಒಳಪಟ್ಟಿದೆ. ಸಂಶೋಧನಾ ಬ್ಯಾಂಕಿನ ಮಾದರಿಯನ್ನು ಯಾರಿಗೂ ಕಸಿ ಮಾಡುವುದಿಲ್ಲ.

2. ಕ್ಯಾನ್ಸರ್ ನೋಂದಣಿ: ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ನೋಂದಣಿ ಕಾರ್ಯವು ರೋಗಿಗಳ ಸಂಖ್ಯೆ ಮತ್ತು ರೋಗದ ವಿಧಗಳನ್ನು ದಾಖಲಿಸುತ್ತದೆ. ಅಲ್ಲಿ ಸಂಗ್ರಹವಾಗುವುದು ಮಾಹಿತಿ ಮಾತ್ರ.

ದೇಶದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ರಾಷ್ಟ್ರೀಯ ಗಡ್ಡೆ ಅಂಗಾಂಶ ಭಂಡಾರ ಮತ್ತು ಮದರಾಸಿನ ಐಐಟಿಯಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಅಂಗಾಂಶ ಬ್ಯಾಂಕ್ ಈ ಕಾರ್ಯಕ್ಕೆ ಉದಾಹರಣೆಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಅಂಗಾಂಶಗಳ ಪ್ರತ್ಯೇಕ ಭಂಡಾರವಿದೆ.

ಮಾದರಿಯನ್ನು ಕಾಪಾಡುವ ವಿಧಾನ

ದೇಹದಿಂದ ಬೇರ್ಪಟ್ಟ ಅಂಗಾಂಶವು ರಕ್ತಸಂಚಾರವಿಲ್ಲದೆ ಕೆಡಲಾರಂಭಿಸುತ್ತದೆ. ಆದುದರಿಂದ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಗಡ್ಡೆಯನ್ನು ವಿಳಂಬವಿಲ್ಲದೆ ಪ್ಯಾಥಾಲಜಿ ವಿಭಾಗಕ್ಕೆ ಕಳುಹಿಸಲಾಗುತ್ತದೆ. ಪ್ಯಾಥಾಲಜಿ ತಜ್ಞರು ರೋಗ ನಿರ್ಣಯಕ್ಕೆ ಬೇಕಾದ ಭಾಗವನ್ನು ಮೊದಲು ತೆಗೆದಿರಿಸುತ್ತಾರೆ. ಉಳಿದ ಭಾಗದಿಂದ ಮಾತ್ರ ಬ್ಯಾಂಕಿಗೆ ತುಣುಕನ್ನು ಕೊಡತಕ್ಕದ್ದು. ಆ ತುಣುಕನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್ ಶೀತಕದಲ್ಲಿ ಅಥವಾ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ಫಾರ್ಮಲಿನ್‌ನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿದ ಬ್ಲಾಕ್‌ಗಳು ಸಾಮಾನ್ಯ ಉಷ್ಣಾಂಶದಲ್ಲಿಯೇ ಹಲವು ವರ್ಷ ಉಳಿಯುತ್ತವೆ. ಮಾದರಿಯ ಮೇಲೆ ರೋಗಿಯ ಹೆಸರಿರುವುದಿಲ್ಲ. ಸಂಕೇತ ಸಂಖ್ಯೆ ಇರುತ್ತದೆ. ವಯಸ್ಸು, ರೋಗದ ಹಂತ, ನೀಡಿದ ಚಿಕಿತ್ಸೆ ಮತ್ತು ಅದರ ಫಲಿತಾಂಶಗಳು ಆ ಸಂಖ್ಯೆಯೊಂದಿಗೆ ಜೋಡಣೆಯಾದಾಗ ಮಾತ್ರ ಮಾದರಿಯು ಸಂಶೋಧನೆಗೆ ಪೂರ್ಣವಾಗಿ ಉಪಯುಕ್ತವಾಗುತ್ತದೆ.

ಸಂಶೋಧನೆಗೆ ಆಗಿರುವ ಪ್ರಯೋಜನಗಳು

ಅ) ಸ್ತನ ಕ್ಯಾನ್ಸರ್: 1987ರಲ್ಲಿ ಅಮೆರಿಕದ ವಿಜ್ಞಾನಿಗಳು 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ, ಹರ್-2 ಎಂಬ ಜೀನಿನ ಪ್ರತಿಗಳು ಹೆಚ್ಚಾಗಿರುವವರಲ್ಲಿ ರೋಗವು ಬೇಗ ಮರುಕಳಿಸುತ್ತದೆಂದು ತೋರಿಸಿದರು. ಈ ಜೀನಿನಿಂದ ಉತ್ಪತ್ತಿಯಾಗುವ ಪ್ರೋಟೀನಿನ ವಿರುದ್ಧ ರೂಪಿಸಿದ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಇಂದು ಸ್ತನ ಕ್ಯಾನ್ಸರ್ ರೋಗಿಗಳಿಗೆ ಹರ್-2 ಪರೀಕ್ಷೆಯನ್ನು ಬರೆದುಕೊಡುವುದು ಈ ಕಾರಣದಿಂದಲೇ.

ಆ) ಗರ್ಭಕಂಠದ ಕ್ಯಾನ್ಸರ್: ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡವು 1983ರಲ್ಲಿ ಗಡ್ಡೆಯ ತುಣುಕುಗಳಲ್ಲಿ ಪ್ಯಾಪಿಲೋಮಾ ವೈರಾಣುವಿನ 16ನೇ ವಿಧವನ್ನು ಗುರುತಿಸಿತು. ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಈ ರೋಗದ ವಿರುದ್ಧದ ಲಸಿಕೆಗೆ ಇದೇ ಶೋಧನೆ ಆಧಾರವಾಯಿತು.

ಇ) ಬಾಯಿ ಕ್ಯಾನ್ಸರ್: ತಂಬಾಕು ಮತ್ತು ಅಡಿಕೆ ಜಗಿಯುವವರಲ್ಲಿ ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರ್ ಹೆಚ್ಚು. ನವಿ ಮುಂಬೈ ಮತ್ತು ಕಲ್ಯಾಣಿಯ ಸಂಸ್ಥೆಗಳು ಜಂಟಿಯಾಗಿ ಭಾರತೀಯ ರೋಗಿಗಳ ಗಡ್ಡೆಗಳನ್ನು ಅಧ್ಯಯನ ಮಾಡಿ, ಇದರಲ್ಲಿ ಪದೇ ಪದೇ ಬದಲಾಗುವ ಜೀನುಗಳನ್ನು 2013ರಲ್ಲಿ ಪ್ರಕಟಿಸಿದವು.

ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ಕ್ಯಾನ್ಸರ್ ಜೀನೋಮ್ ಯೋಜನೆಯು 33 ವಿಧದ ಕ್ಯಾನ್ಸರ್‌ಗಳನ್ನು ಅಧ್ಯಯನ ಮಾಡಿತಾದರೂ ಮಾದರಿ ನೀಡಿದವರಲ್ಲಿ ಬಹುಪಾಲು ಮಂದಿ ಯೂರೋಪ್ ಮೂಲದವರು. ಈ ಕೊರತೆಯನ್ನು ನೀಗಿಸುವ ದಿಶೆಯಲ್ಲಿ ಮದರಾಸಿನ ಐಐಟಿಯು 2025ರ ಫೆಬ್ರವರಿಯಲ್ಲಿ, 480 ಸ್ತನ ಕ್ಯಾನ್ಸರ್ ರೋಗಿಗಳ ಮಾದರಿಗಳನ್ನು ಆಧರಿಸಿದ ಭಾರತ ಕ್ಯಾನ್ಸರ್ ಜೀನೋಮ್ ಕೋಶವನ್ನು ಬಿಡುಗಡೆ ಮಾಡಿತು. ನಮ್ಮ ಜನರ ಮಾದರಿಗಳಿಲ್ಲದೆ ನಮ್ಮ ಜನರ ರೋಗದ ಸ್ವರೂಪ ತಿಳಿಯುವುದಿಲ್ಲ.

ರೋಗಿಯ ಹಕ್ಕುಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳ ಪ್ರಕಾರ ಮಾದರಿಯ ಒಡೆತನವು ಅದನ್ನು ನೀಡಿದವರದೇ. ಬ್ಯಾಂಕ್ ಅದರ ಪಾಲಕ ಮಾತ್ರ. ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

• ಒಪ್ಪಿಗೆಯು ಸಂಪೂರ್ಣ ಸ್ವಇಚ್ಛೆಯದು. ನಿರಾಕರಿಸಿದ ಕಾರಣಕ್ಕೆ ಚಿಕಿತ್ಸೆಯಲ್ಲಿ ಯಾವುದೇ ವ್ಯತ್ಯಾಸವಾಗಕೂಡದು.
• ರೋಗಿಯು ವಯಸ್ಕರಾಗಿದ್ದು, ವಿಷಯವನ್ನು ಅರಿಯಲು ಶಕ್ತರಾಗಿದ್ದಲ್ಲಿ ನಿರ್ಧಾರ ಅವರದೇ. ಪತಿ, ಮಗ ಅಥವಾ ಮನೆಯ ಹಿರಿಯರು ಅವರ ಪರವಾಗಿ ಸಹಿ ಮಾಡುವಂತಿಲ್ಲ.
• ವಿವರಣೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ನೀಡತಕ್ಕದ್ದು. ಕನ್ನಡವಲ್ಲದೆ ತಮಿಳು ಅಥವಾ ಸೋಲಿಗ ನುಡಿಯಾಡುವವರಿಗೂ ಇದು ಅನ್ವಯಿಸುತ್ತದೆ.
• ಓದಲು ಬಾರದವರಿಗೆ ಪತ್ರವನ್ನು ನಿಷ್ಪಕ್ಷಪಾತಿ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಿ, ನಂತರವೇ ಹೆಬ್ಬೆಟ್ಟಿನ ಗುರುತು ಪಡೆಯತಕ್ಕದ್ದು.
• ಒಪ್ಪಿಗೆಯನ್ನು ಮುಂದೆ ಹಿಂಪಡೆಯಬಹುದು. ಆದರೆ ಗುರುತನ್ನು ಪೂರ್ಣವಾಗಿ ಅಳಿಸಿದ ಮಾದರಿಯನ್ನಾಗಲಿ, ಈಗಾಗಲೇ ಪ್ರಕಟವಾದ ಫಲಿತಾಂಶವನ್ನಾಗಲಿ ಹಿಂಪಡೆಯಲು ಸಾಧ್ಯವಾಗುವುದಿಲ್ಲ.
• ಪ್ರತಿಯೊಂದು ಸಂಶೋಧನೆಗೂ ನೈತಿಕ ಸಮಿತಿಯ ಪರಿಶೀಲನೆ ಅಗತ್ಯ.

ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ಒಪ್ಪಿಗೆ ಒಂದೇ ಸಂಶೋಧನೆಗೋ, ಮುಂದಿನ ಎಲ್ಲ ಸಂಶೋಧನೆಗಳಿಗೋ?
2. ಸಂಗ್ರಹಕ್ಕಾಗಿ ಹೆಚ್ಚುವರಿ ರಕ್ತ ಅಥವಾ ಅಂಗಾಂಶ ತೆಗೆಯಲಾಗುವುದೇ?
3. ಮಾದರಿಯು ಬೇರೆ ಸಂಸ್ಥೆಗೆ ಅಥವಾ ವಿದೇಶಕ್ಕೆ ಹೋಗುವುದೇ?
4. ಕುಟುಂಬಕ್ಕೆ ಮುಖ್ಯವಾದ ಅಂಶ ಕಂಡುಬಂದರೆ ತಿಳಿಸಲಾಗುವುದೇ?
5. ಒಪ್ಪಿಗೆ ಹಿಂಪಡೆಯಲು ಯಾರಿಗೆ ಬರೆಯಬೇಕು?

ವಿಶೇಷ ಸೂಚನೆ

ರೋಗ ನಿರ್ಣಯಕ್ಕಾಗಿ ತಯಾರಿಸಿದ ಮೇಣದ ಬ್ಲಾಕ್ ರೋಗಿಯ ಮುಂದಿನ ಚಿಕಿತ್ಸೆಗೂ ಬೇಕಾಗುತ್ತದೆ. ರೋಗ ಮರುಕಳಿಸಿದಾಗ, ಹೊಸ ಪರೀಕ್ಷೆ ಮಾಡಿಸುವಾಗ ಅಥವಾ ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಹೋಗುವಾಗ ಅದು ದೊರೆಯದಿದ್ದರೆ ಮತ್ತೆ ಬಯಾಪ್ಸಿ ಮಾಡಬೇಕಾದೀತು. ಆದುದರಿಂದ ಬಿಡುಗಡೆ ಪತ್ರ, ಬಯಾಪ್ಸಿ ವರದಿ, ಅದರಲ್ಲಿ ನಮೂದಿಸಿರುವ ಬ್ಲಾಕ್ ಸಂಖ್ಯೆ ಹಾಗೂ ಒಪ್ಪಿಗೆ ಪತ್ರದ ಪ್ರತಿಯನ್ನು ಒಂದೇ ಕಡೆ ಜೋಪಾನವಾಗಿಡುವುದು. ಬ್ಲಾಕ್ ಅಗತ್ಯವಿದ್ದಲ್ಲಿ, ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗಕ್ಕೆ ಈ ಸಂಖ್ಯೆಯನ್ನು ನಮೂದಿಸಿ ಲಿಖಿತ ಮನವಿ ಸಲ್ಲಿಸುವುದು.