ಕಾಶಿಯ ತೆರಿಗೆ, ಹೆಬ್ಬಾಲೆಯ ಹಣ

ಪರಸ್ಥಳದವರ ಮೇಲೆ ತೆರಿಗೆ ಹಾಕುವುದು ಆಳುವವರಿಗೆ ಎಂದೂ ಸುಲಭ. ನಾಲ್ಕು ದಿನವಿದ್ದು ಹೊರಡುವವನು ಯಾರಲ್ಲಿ ದೂರು ಹೇಳಿಯಾನು? ಪುರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1806ರಿಂದ 1840ರವರೆಗೆ ಯಾತ್ರಿಕರಿಂದ ಸುಂಕ ಪಡೆಯಿತು. ಹೆಚ್ಚು ತೆತ್ತವನಿಗೆ ಹೆಚ್ಚು ದಿನಗಳ ದೇವಾಲಯ ಪ್ರವೇಶ. 1871ರ ಕಾಯಿದೆ ಅಲ್ಲಿನ ವಸತಿಗೃಹಗಳನ್ನೇ ಪರವಾನಗಿ ಶುಲ್ಕಕ್ಕೆ ಒಳಪಡಿಸಿತು. ಆ ಹಣ ಊರಿನ ನೈರ್ಮಲ್ಯಕ್ಕೆ ಮೀಸಲಾದ್ದರಿಂದ ಅದನ್ನಾದರೂ ಒಪ್ಪಬಹುದು.

ಇವೆಲ್ಲಕ್ಕಿಂತ ಬಹಳ ಹಿಂದಿನ, 1279ರ ಹೊಯ್ಸಳ ಶಾಸನವೊಂದು ಈ ಚರಿತ್ರೆಯಲ್ಲಿ ಬೇರೆಯೇ ಆಗಿ ನಿಲ್ಲುತ್ತದೆ. ಕಾಶಿಯಲ್ಲಿ ತುರುಷ್ಕರು ವಿಧಿಸುತ್ತಿದ್ದ ತೆರಿಗೆಯನ್ನು ತೆರಲೆಂದು ಮೂರನೆಯ ನರಸಿಂಹ ಹೆಬ್ಬಾಲೆ ಗ್ರಾಮದ ಆದಾಯವನ್ನು ಬಿಟ್ಟುಕೊಟ್ಟ. ವರ್ಷಕ್ಕೆ 645 ನಿಷ್ಕ. ಅದರಲ್ಲೇ ವಿಶ್ವೇಶ್ವರನ ಸೇವೆಗೂ ಒಂದು ಪಾಲು. ಆಗ ರಾಜ್ಯವೇನೂ ನೆಮ್ಮದಿಯಲ್ಲಿರಲಿಲ್ಲ. ದಕ್ಷಿಣದ ಭಾಗವನ್ನು ಆಳುತ್ತಿದ್ದ ಮಲಸಹೋದರ ರಾಮನಾಥನೊಡನೆ ವೈರವಿತ್ತು. ಆದರೂ ದಾನದ ಫಲ ಕನ್ನಡಿಗರಿಗಷ್ಟೇ ಸೀಮಿತವಾಗಲಿಲ್ಲ. ತೆಲುಗರು, ತುಳುವರು, ಮಲೆಯಾಳರು, ಗೌಡ ದೇಶದವರು ಕೂಡ ಅದರೊಳಗೆ ಬಂದರು. ಪರನಾಡಿಗೆ ಹೋದ ತನ್ನವರ ಹೊರೆಯನ್ನು ಊರಿನ ಕಂದಾಯ ಹೊತ್ತದ್ದು ದೊಡ್ಡದು. ತನ್ನವರಲ್ಲದವರನ್ನೂ ಎಣಿಸಿಕೊಂಡದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಸರಿಯಾಗಿ ಏಳುನೂರು ವರ್ಷಗಳ ಬಳಿಕ, 1979ರಲ್ಲಿ, ಹೋಟೆಲು ಮತ್ತು ವಸತಿಗೃಹಗಳ ಮೇಲೆ ವಿಲಾಸ ತೆರಿಗೆಯ ಕಾಯಿದೆ ತಂದದ್ದು ಕರ್ನಾಟಕವೇ. (ಕಾಕತಾಳೀಯವೆನ್ನೋಣ.) ರಾಜ್ಯಗಳ ಈ ಬಗೆಯ ತೆರಿಗೆಗಳು 2017ರ ಜುಲೈ 1ರಂದು ಜಿಎಸ್‌ಟಿಯಲ್ಲಿ ಲೀನವಾದವು. ಕೋಣೆಯ ಬಿಲ್ಲಿನಲ್ಲಿ ಅದನ್ನು ತೆರುವವನು ಈಗಲೂ ತಂಗಲು ಬಂದವನೇ.