ಕಣ್ಣಿಗೆ ಒಂದೇ ಸೊಳ್ಳೆ, ಒಳಗೆ ಬೇರೆ ಬೇರೆ

ಅರಸೀಕೆರೆ ಕಡೆಯಿಂದ ಹಳೇಬೀಡು, ಬೇಲೂರಿಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತಿರುತ್ತೆ: ತೆಂಗಿನ ತೋಟ, ತೆರೆದ ಬಾವಿಗಳ ಬಯಲುಸೀಮೆ ಹಿಂದೆ ಸರಿದು ಮಲೆನಾಡಿನ ಅಂಚು ಶುರುವಾಗುತ್ತೆ. ದೇವಸ್ಥಾನ ನೋಡೋ ಭರದಲ್ಲಿ ನಾವು ಗಮನಿಸದ ಸಂಗತಿ ಒಂದಿದೆ. ಬಯಲುಸೀಮೆಯಲ್ಲಿ ಮಲೇರಿಯಾ ಹರಡುವುದರಲ್ಲಿ ಮುಖ್ಯವಾದದ್ದು ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅನ್ನೋ ಸೊಳ್ಳೆ. ಮಲೆನಾಡಿನ ಹಳ್ಳ-ತೊರೆಗಳಲ್ಲಿ ಆ ಕುಖ್ಯಾತಿ ಅನಾಫಿಲಿಸ್ ಫ್ಲೂವಿಯಾಟಿಲಿಸ್‌ನದು. ಕುಲ ಒಂದೇ, ಜಾತಿ ಬೇರೆ.

ಸೊಳ್ಳೆಯೂ ನೊಣದ ಬಳಗದ್ದೇ, ಇರೋದು ಎರಡೇ ರೆಕ್ಕೆ. ಅನಾಫಿಲಿಸ್ ಮಲೇರಿಯಾ ಹರಡುತ್ತೆ ಅಂತ 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ಗೆ ಸುಳಿವು ಸಿಕ್ಕಿತು. ಆಮೇಲೆ ಎದ್ದ ಪ್ರಶ್ನೆ: ಯಾವ ಅನಾಫಿಲಿಸ್?

ಇದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನ ಶುರುಮಾಡಿತು. 1937ರಲ್ಲಿ ಸ್ವೀಟ್ ಮತ್ತು ಬಿ. ಎ. ರಾವ್ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಯಲ್ಲಿ ಎರಡು ಬಗೆ ಗುರುತಿಸಿದರು. ಹೇಗೆ ಅಂತೀರಾ? ಮೊಟ್ಟೆ ನೋಡಿ! ಮೊಟ್ಟೆ ನೀರಲ್ಲಿ ತೇಲೋಕೆ ಅದರ ಎರಡೂ ಪಕ್ಕ ಗಾಳಿಚೀಲದಂಥ ಭಾಗಗಳಿರುತ್ತವೆ. ಅದರ ಮೇಲಿನ ಗೆರೆಗಳನ್ನು ಎಣಿಸಿದರು. ಗೆರೆ ಕಮ್ಮಿ ಇದ್ದ ಬಗೆಗೆ ಇಟ್ಟ ಹೆಸರು 'ಮೈಸೊರೆನ್ಸಿಸ್'. ಗೆರೆ ಜಾಸ್ತಿ ಇರೋದು ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಬಗೆ. ನಮ್ಮ ಮೈಸೊರೆನ್ಸಿಸ್ ಹೆಚ್ಚಾಗಿ ಹಳ್ಳಿಯದು, ರೋಗ ಹರಡೋದರಲ್ಲಿ ಹಿಂದೆ.

ಕ್ಯುಲಿಸಿಫೇಸೀಸ್ ಕಥೆ ಇನ್ನೂ ತಮಾಷೆ. 1980ರಲ್ಲಿ ಇದರೊಳಗೇ ಎರಡು ಜಾತಿ ಇವೆ ಅಂತ ಗೊತ್ತಾಯಿತು, ಈಗ ಎ ಯಿಂದ ಇ ವರೆಗೆ ಐದು. ರೆಕ್ಕೆ, ಕಾಲು ನೋಡಿದರೆ ಎಲ್ಲವೂ ಅಚ್ಚು ಹೊಡೆದ ಹಾಗೆ ಒಂದೇ. ಹೆಣ್ಣು ಸೊಳ್ಳೆಯ ಅಂಡಾಶಯದ ಕೋಶಗಳಲ್ಲಿ ದಪ್ಪನೆಯ ಕ್ರೋಮೋಸೋಮುಗಳಿರುತ್ತವೆ. ಅವುಗಳ ಪಟ್ಟೆಗಳ ಒಂದು ಸಾಲು ಒಂದು ಜಾತಿಯಲ್ಲಿ ನೇರವಾಗಿದ್ದರೆ ಇನ್ನೊಂದರಲ್ಲಿ ತಿರುಗುಮುರುಗು. ಗುರುತು ಸಿಗೋದೇ ಅಲ್ಲಿ.

ಇದೆಲ್ಲ ಬರೀ ಪಂಡಿತರ ಕಸರತ್ತು ಅಂದ್ಕೋಬೇಡಿ. 'ಎ' ಮಲೇರಿಯಾ ಹರಡುತ್ತೆ. 'ಬಿ' ದನದ ರಕ್ತವನ್ನೇ ಹೆಚ್ಚು ಇಷ್ಟಪಡೋದು, ಮನುಷ್ಯರಿಗೆ ಅದರಿಂದ ಕಾಟ ಕಮ್ಮಿ. ಕರ್ನಾಟಕದ ಹಳ್ಳಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾವಿಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು 'ಎ', ಹಳ್ಳಗಳಲ್ಲಿ 'ಬಿ'. ಅಂದರೆ ಬಾವಿಗೆ ಗಪ್ಪಿ ಮೀನು ಬಿಟ್ಟರೆ ಮರಿ ತಿನ್ನೋದು ಸರಿಯಾದ ಜಾಗದಲ್ಲೇ. ಇಡೀ ಹಳ್ಳದ ಉದ್ದಕ್ಕೂ ಹೊರಟರೆ ಶ್ರಮದ ಬಹುಪಾಲು ನಿರಪರಾಧಿ ಸೊಳ್ಳೆ ಹಿಂದೆ ಹೋಗುತ್ತೆ, ಜ್ವರ ಮಾತ್ರ ಅಲ್ಲೇ ಇರುತ್ತೆ.

ನಿಮ್ಮೂರ ಬಾವಿಗೆ ಹೀಗೆ ಮೀನು ಬಿಟ್ಟಿದ್ದು ನೆನಪಿದ್ದರೆ ಬರೀರಿ, ಓದೋಕೆ ಖುಷಿ.