ಮೊದಲ ಜಾಹೀರಾತು ಪಟ್ಟಿಯ ಹಿಂದಿನ ಸಿದ್ಧತೆ

ಅಂತರಜಾಲದ ಜಾಹೀರಾತು ತೀರ ಇತ್ತೀಚಿನ ಸಂಗತಿಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಅದಕ್ಕೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿದ್ದಾರೆ. ಅವರ ಬಾಯಲ್ಲಿ ‘ಲಾಂಚ್’ ಎಂಬ ಪದ ಮಂತ್ರದಂತೆ ಮೇಲಿಂದ ಮೇಲೆ ಬರುತ್ತಿರುತ್ತದೆ. ಆ ‘ಲಾಂಚ್’ಗೆ ಮೊದಲು ಹಿಂದಿನವರು ಏನೇನು ಸಿದ್ಧಪಡಿಸಿಕೊಂಡಿದ್ದರು, ಏನನ್ನು ಮರೆತಿದ್ದರು ಎಂಬುದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

1978ರಲ್ಲಿ ಈಗಿನ ಅಂತರಜಾಲ ಇರಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ಬೆಸೆದಿದ್ದ ‘ಅರ್ಪಾನೆಟ್’ ಎಂಬ ಜಾಲವಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಗೆ ತನ್ನ ಹೊಸ ಗಣಕಯಂತ್ರಗಳನ್ನು ಪಶ್ಚಿಮ ಕರಾವಳಿಯ ಗಿರಾಕಿಗಳಿಗೆ ತೋರಿಸಬೇಕಾಗಿತ್ತು. ಮೇ 9ರಂದು ಲಾಸ್ ಏಂಜಲೀಸ್‌ನಲ್ಲಿ, ಮೇ 11ರಂದು ಸ್ಯಾನ್ ಮಟೇಯೊದಲ್ಲಿ ಪ್ರದರ್ಶನ ನಿಶ್ಚಯವಾಗಿತ್ತು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಪತ್ರ ಕಳುಹಿಸುವ ಬದಲು ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿದರಾಯಿತೆಂಬ ಯೋಚನೆ ಅದರ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಅವರಿಗೆ ಹೊಳೆಯಿತು.

ಆಗ ಜಾಲದ ಬಳಕೆದಾರರ ಹೆಸರು, ವಿಳಾಸಗಳ ಪಟ್ಟಿ ಮುದ್ರಿತ ಪುಸ್ತಕವಾಗಿ ದೊರೆಯುತ್ತಿತ್ತು, ನಮ್ಮ ಹಳೆಯ ಟೆಲಿಫೋನ್ ಡೈರೆಕ್ಟರಿಯಂತೆ. ಅದನ್ನು ನೋಡಿಕೊಂಡು ಸುಮಾರು 400 ವಿಳಾಸಗಳನ್ನು ಕೈಯಿಂದ ಟೈಪ್ ಮಾಡಬೇಕಾಯಿತು. ಅಷ್ಟು ಶ್ರಮಪಟ್ಟರೂ ಸಣ್ಣದೊಂದು ಸಂಗತಿಯನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ವಿಳಾಸ ಬರೆಯುವ ಜಾಗ ಅಷ್ಟು ಹೆಸರುಗಳನ್ನು ಹಿಡಿಯುವಷ್ಟು ದೊಡ್ಡದಾಗಿರಲಿಲ್ಲ. ಉಳಿದ ವಿಳಾಸಗಳು ತುಂಬಿದ ಕೊಡದಿಂದ ಚೆಲ್ಲಿದ ನೀರಿನಂತೆ ಪತ್ರದ ಒಡಲಿನೊಳಕ್ಕೆ ಹರಿದವು. ಓದುಗರು ವಿಷಯಕ್ಕೆ ಬರುವ ಮೊದಲು ಹೆಸರುಗಳ ಒಂದು ಅಡವಿಯನ್ನೇ ದಾಟಬೇಕಾಯಿತು.

ದೂರುಗಳು ಬಂದವು. ಸರ್ಕಾರಿ ಕಾರ್ಯಕ್ಕಷ್ಟೇ ಮೀಸಲಾದ ಜಾಲವನ್ನು ವ್ಯಾಪಾರಕ್ಕೆ ಬಳಸಿದ್ದು ನಿಯಮದ ಉಲ್ಲಂಘನೆಯೆಂದು ಜಾಲವನ್ನು ನಿರ್ವಹಿಸುತ್ತಿದ್ದ ಅಧಿಕಾರಿಗಳು ಎಚ್ಚರಿಸಿದರು. ಆದರೂ ಈ ಪ್ರಯತ್ನದಿಂದ 1.3 ಕೋಟಿ ಡಾಲರಿಗೂ ಹೆಚ್ಚಿನ ಮಾರಾಟವಾಯಿತೆಂದು ಥರ್ಕ್ ಮುಂದೆ ಹೇಳಿಕೊಂಡಿದ್ದಾರೆ. ಹಣ ಬಂದಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಿದ್ಧತೆಯೆಲ್ಲ ಕಳುಹಿಸುವವನ ಅನುಕೂಲಕ್ಕಾಗಿ ನಡೆದದ್ದು. ಪಡೆಯುವವನಿಗೆ ಇದು ಬೇಕೆ, ಇದು ಅವನ ಮನೆಯ ಅಂಗಳವಲ್ಲವೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ.

ಹದಿನಾರು ವರ್ಷಗಳ ನಂತರ, 1994ರ ಏಪ್ರಿಲ್‌ನಲ್ಲಿ, ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗೆಲ್ ಅದೇ ದಾರಿಯನ್ನು ಇನ್ನಷ್ಟು ನಿಸ್ಸಂಕೋಚವಾಗಿ ತುಳಿದರು. ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ತುಂಬಿಕೊಡುವ ತಮ್ಮ ಸೇವೆಯ ಪ್ರಕಟಣೆಯನ್ನು ‘ಯೂಸ್‌ನೆಟ್’ನ 5,000ಕ್ಕೂ ಹೆಚ್ಚು ಚರ್ಚಾಗುಂಪುಗಳಿಗೆ ಹಾಕಿದರು. ಈ ಬಾರಿ ಕೈಬರಹದ ಕಷ್ಟವಿರಲಿಲ್ಲ, ಆ ಕೆಲಸವನ್ನು ಒಂದು ಪುಟ್ಟ ಪ್ರೋಗ್ರಾಮ್ ಮಾಡಿತು. ತೋಟಗಾರಿಕೆಯ ಕುರಿತು ಮಾತಾಡುವವರಿಗೂ ಗಣಿತ ಚರ್ಚಿಸುವವರಿಗೂ ಒಂದೇ ಪ್ರಕಟಣೆ! ಸಿಟ್ಟಿಗೆದ್ದ ಓದುಗರ ಪತ್ರಗಳ ಹೊರೆಗೆ ಅವರಿಗೆ ಸಂಪರ್ಕ ಒದಗಿಸಿದ್ದ ಸಂಸ್ಥೆಯ ಯಂತ್ರಗಳೇ ಕುಸಿದವು.

ಈ ಗಲಾಟೆಯಾಗಿ ಆರು ತಿಂಗಳಿಗೆ, ಅದೇ ವರ್ಷದ ಅಕ್ಟೋಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆ ಆರಂಭವಾಯಿತು. ‘ವೈರ್ಡ್’ ಮಾಸಪತ್ರಿಕೆಯವರೇ ಅದರ ಪ್ರಕಾಶಕರು. ಲೇಖಕರಿಗೆ ಸಂಬಳ ಕೊಡಬೇಕು, ಓದುಗರಿಂದ ಚಂದಾ ಪಡೆಯುವಂತಿಲ್ಲ. ಹಾಗಾಗಿ ಪುಟದ ಮೇಲ್ಭಾಗದಲ್ಲಿ ಕಿರಿದಾದ ಒಂದು ಪಟ್ಟಿಯನ್ನು ಜಾಹೀರಾತಿಗೆ ಮಾರಲು ನಿಶ್ಚಯಿಸಿದರು. ಇಂದು ‘ಬ್ಯಾನರ್’ ಎನ್ನುವುದು ಅದನ್ನೇ.

ಮಾರುವವರ ಪಾಡನ್ನು ಊಹಿಸಿ. ಪತ್ರಿಕೆ ಇನ್ನೂ ಹುಟ್ಟಿಲ್ಲ, ಓದುಗರೆಷ್ಟು ಎಂದು ಹೇಳುವಂತಿಲ್ಲ. ಕೊಳ್ಳಬೇಕಾದವರಲ್ಲಿ ಹಲವರು ಜಾಲತಾಣವನ್ನು ಕಣ್ಣಿನಿಂದ ಕಂಡವರೇ ಅಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು: ಪಟ್ಟಿಯನ್ನು ಒತ್ತಿದ ಓದುಗ ಹೋಗುವುದೆಲ್ಲಿಗೆ? ಅನೇಕ ಕಂಪನಿಗಳಿಗೆ ಸ್ವಂತದ್ದೊಂದು ಜಾಲಪುಟವೇ ಇರಲಿಲ್ಲ. ಚಪ್ಪರ ಹಾಕದೆ, ಒಲೆ ಹೂಡದೆ ಲಗ್ನಪತ್ರಿಕೆ ಹಂಚಿದಂತಾಗುತ್ತಿತ್ತು. ಆದ್ದರಿಂದ ಜಾಹೀರಾತಿಗಿಂತ ಮೊದಲು ಅದರ ಹಿಂದಿನ ಮನೆ ಕಟ್ಟಬೇಕಾಯಿತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ತಿರುವು ಇಲ್ಲಿಯೇ ಇದೆ.

ಮೊದಲ ಜಾಹೀರಾತುದಾರರಲ್ಲಿ ದೂರವಾಣಿ ಕಂಪನಿ ಎ.ಟಿ. ಅಂಡ್ ಟಿ. ಪ್ರಮುಖವಾದದ್ದು. ಮೂರು ತಿಂಗಳಿಗೆ 30,000 ಡಾಲರ್ ಬಾಡಿಗೆ. ಆ ಪಟ್ಟಿಯ ತಯಾರಿಯಲ್ಲಿ ಪಾಲ್ಗೊಂಡವರಲ್ಲಿ ಜೋ ಮೆಕ್‌ಕ್ಯಾಂಬ್ಲಿ ಎಂಬುವರೂ ಒಬ್ಬರು. ಪಟ್ಟಿಯಲ್ಲಿ ಕಂಪನಿಯ ಹೆಸರಾಗಲಿ, ಸರಕಾಗಲಿ ಕಾಣುತ್ತಿರಲಿಲ್ಲ. ಇಲ್ಲಿ ಎಂದಾದರೂ ಮೌಸ್ ಒತ್ತಿದ್ದೀರಾ ಎಂಬ ಪ್ರಶ್ನೆ, ಒತ್ತುವಿರಿ ಎಂಬ ಭವಿಷ್ಯವಾಣಿ, ಅಷ್ಟೇ. ಒತ್ತಿದವರಿಗೆ ಜಗತ್ತಿನ ನಾನಾ ವಸ್ತುಸಂಗ್ರಹಾಲಯಗಳಿಗೆ ದಾರಿ ತೋರುವ ಪುಟ ತೆರೆದುಕೊಳ್ಳುತ್ತಿತ್ತು. ದೂರವಾಣಿ ಕಂಪನಿಗೂ ವಸ್ತುಸಂಗ್ರಹಾಲಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ದೂರದ್ದನ್ನು ಹತ್ತಿರ ತರುವುದೇ ಆ ಕಂಪನಿಯ ಕಸುಬಲ್ಲವೆ! ಬಂದವನು ಬರಿಗೈಯಲ್ಲಿ ಹಿಂದಿರುಗಬಾರದೆಂಬ ಯೋಚನೆ ಅಲ್ಲಿತ್ತು.

ಆ ಕಾಲದ ವೇಗವನ್ನೂ ಗಮನದಲ್ಲಿಡಬೇಕು. ಅಂದು ಮನೆಗಳಲ್ಲಿ ಸಾಮಾನ್ಯವಾಗಿದ್ದ ಮೋಡೆಮ್ ಸೆಕೆಂಡಿಗೆ 14,400 ಬಿಟ್ ಒಯ್ಯುತ್ತಿತ್ತು. ಎಂಟರಿಂದ ಭಾಗಿಸಿದರೆ 1,800 ಬೈಟ್. ಅಂದರೆ 10,000 ಬೈಟ್‌ಗಳ ಒಂದು ಸಣ್ಣ ಚಿತ್ರ ಮೂಡಲು ಐದಾರು ಸೆಕೆಂಡು. (ಗಣಿತದ ಮೇಷ್ಟ್ರಲ್ಲದಿದ್ದರೂ ಇಷ್ಟು ಲೆಕ್ಕ ನನಗೆ ಬರುತ್ತದೆ.) ಅಷ್ಟು ಕಾಯಿಸಿಕೊಂಡ ಓದುಗನಿಗೆ ಕೊನೆಯಲ್ಲಿ ಒಂದು ದರಪಟ್ಟಿಯನ್ನು ತೋರಿಸಿದ್ದರೆ ಅವನು ಮತ್ತೆ ಬರುತ್ತಿದ್ದನೆ? ನಮ್ಮ ದೇಶದಲ್ಲಂತೂ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದೇ 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ.

ಪಟ್ಟಿಯನ್ನು ಕಂಡವರಲ್ಲಿ ಶೇ. 44ರಷ್ಟು ಜನ ಅದನ್ನು ಒತ್ತಿದರೆಂದು ವರದಿಯಾಗಿದೆ. ಹೊಸತನದ ಕುತೂಹಲವೂ ಅದರಲ್ಲಿ ಸೇರಿತ್ತು, ಸಂದೇಹವಿಲ್ಲ. ಇಂದು ಬ್ಯಾನರ್‌ಗೆ ಸಾವಿರಕ್ಕೆ ಕೆಲವೇ ಒತ್ತು ಬಂದರೂ ಸಮಾಧಾನಪಡುತ್ತಾರಂತೆ.

ಮುಂದಿನ ಕಥೆ ಬೇಗ ಬೇಗ ನಡೆದದ್ದು. 1996ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ, ಜನ ಒತ್ತಿದರೆ ಮಾತ್ರ ಹಣ ಕೊಡುತ್ತೇನೆಂದು ಯಾಹೂ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಒತ್ತು ಎಣಿಸುವುದೇ ವ್ಯವಹಾರವಾಯಿತು. 1994ರಲ್ಲಿಯೇ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ್ದ ‘ಕುಕಿ’, ಜಾಲದ ಅಂಗಡಿಯ ಬುಟ್ಟಿಯಲ್ಲಿಟ್ಟ ಸಾಮಾನು ಮರೆಯದಿರಲಿ ಎಂಬಂಥ ನಿರುಪದ್ರವಿ ಉದ್ದೇಶದ್ದು. ಜಾಹೀರಾತುಗಾರರ ಕೈಯಲ್ಲಿ ಅದು ಓದುಗನ ಬೆನ್ನುಹತ್ತುವ ಬೇಹುಗಾರನಾಯಿತು. ಪುಟ ತೆರೆಯುವ ಮೊದಲೇ ಅವನಾರು, ನಿನ್ನೆ ಏನು ಹುಡುಕಿದ ಎಂಬುದೆಲ್ಲ ಸಿದ್ಧ!

ಈಗಿನ ಸಿದ್ಧತೆಯ ಪಟ್ಟಿಯನ್ನು ನನ್ನ ವಿದ್ಯಾರ್ಥಿಯೊಬ್ಬ ತೋರಿಸಿದ್ದ. ಯಾವ ವಯಸ್ಸಿನವರು, ಯಾವ ಊರಿನವರು, ದಿನಕ್ಕೆಷ್ಟು ಖರ್ಚು, ಎರಡು ಮಾದರಿಗಳಲ್ಲಿ ಯಾವುದಕ್ಕೆ ಹೆಚ್ಚು ಒತ್ತು ಬರುತ್ತದೆಂಬ ಪರೀಕ್ಷೆ, ಎಣಿಕೆಯ ಸಂಕೇತ ಸರಿಯಾಗಿ ಕೂತಿದೆಯೆ, ಹೀಗೆ ಎರಡು ಪುಟ. ಬಹಳ ಅಚ್ಚುಕಟ್ಟಾಗಿತ್ತು. 1978ರ ವಿಳಾಸದ ಜಾಗದಂಥ ಎಡವಟ್ಟು ಅವನ ಕೈಯಲ್ಲಿ ಖಂಡಿತ ಆಗುವುದಿಲ್ಲ. ಬಂದವನಿಗೆ ಏನು ಕೊಡುತ್ತೀಯಪ್ಪ ಎಂದು ಕೇಳಿದೆ. “ಡಿಸ್ಕೌಂಟ್ ಕೂಪನ್ ಇದೆ ಸರ್” ಎಂದ.

ಮೆಕ್‌ಕ್ಯಾಂಬ್ಲಿಯವರಿಗೂ ತಮ್ಮ ಸೃಷ್ಟಿಯ ಸಂತತಿಯನ್ನು ಕಂಡು ಅಷ್ಟೇನೂ ಹೆಮ್ಮೆಯಿದ್ದಂತಿಲ್ಲ. ಮೊದಲ ಬ್ಯಾನರ್ ಮಾಡಿದವರಲ್ಲಿ ತಾವೂ ಒಬ್ಬರೆಂದಾಗ, ಅದು ಸಿಡುಬನ್ನು ಕಂಡುಹಿಡಿದಂತಾಯಿತು ಎಂದು ಸ್ವಂತ ಮಕ್ಕಳೇ ಹಾಸ್ಯಮಾಡಿದ್ದನ್ನು ಅವರು ಹೇಳಿಕೊಂಡಿದ್ದಾರೆ.